ಇಂದಿನ ಧಮ್ಮ ಚಿಂತನೆ: ಪೆನ್ಸಿಲ್ ಹಿಡಿದವನ ಶೀಲ



ನಿನ್ನೆ ಬಾಬಾಸಾಹೇಬರ ಜಯಂತಿ. ಮೆರವಣಿಗೆ, ಭಾಷಣ, ಪಾಯಸ ಎಲ್ಲ ಮುಗಿಸಿ ತಡವಾಗಿ ಮಲಗಿದವರು ಇದನ್ನು ಮಧ್ಯಾಹ್ನ ಓದಿದರೂ ನಡೆಯುತ್ತದೆ. ಇಂದಿನ ಸರದಿ ನನ್ನದು. ಏಪ್ರಿಲ್ 15 ನನಗೇ ಬೇಕು ಎಂದು ಕೇಳಿ ತೆಗೆದುಕೊಂಡೆ. ಯಾಕೆಂದರೆ 1947ರ ಏಪ್ರಿಲ್ 14ಕ್ಕೆ ಬಾಬಾಸಾಹೇಬರಿಗೆ 56 ತುಂಬಿತು, ಅದರ ಮಾರನೆಯ ದಿನ ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ಆಟ ನಡೆಯಿತು. ಆ ಆಟದ ಲೆಕ್ಕ ಬರೆದ ಒಂದು ಹಾಳೆಯ ಪ್ರತಿ ನನ್ನ ಬಳಿ ಇದೆ. ಸಿಗಾಲೋವಾದ ಸುತ್ತವನ್ನು ನಾನು ಎಷ್ಟೋ ಸಲ ಓದಿದ್ದೆ. ಅದರಲ್ಲಿ ಬರುವ ಒಂದು ಮಾತು ನನ್ನ ಮೈಗೆ ತಾಗಿದ್ದು ಮಾತ್ರ ಈ ಹಾಳೆ ನೋಡಿದ ಮೇಲೆ.

ಮೊದಲು ಸುತ್ತದ ವಿಷಯ. ರಾಜಗೃಹದಲ್ಲಿ ಸಿಗಾಲ ಎಂಬ ಗೃಹಸ್ಥರ ಮನೆಯ ಹುಡುಗ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ. ಬುದ್ಧರು ಅವನಿಗೆ ಹೇಳಿದ್ದು ಪೂಜೆಯ ಕ್ರಮವನ್ನಲ್ಲ, ಮನುಷ್ಯ ಮನುಷ್ಯನ ಜೊತೆ ಬದುಕುವ ಕ್ರಮವನ್ನು. ಅದರಲ್ಲಿ ನಾಲ್ಕು ಅಗತಿಗಳ ಮಾತು ಬರುತ್ತದೆ. ಅಗತಿ ಎಂದರೆ ಹೋಗಬಾರದ ದಾರಿ. ನ್ಯಾಯವಾಗಿ ನಡೆಯಬೇಕಾದವನು ಛಂದದಿಂದ, ಅಂದರೆ ನನ್ನವನು ಎಂಬ ಪ್ರೀತಿಯಿಂದ ದಾರಿ ತಪ್ಪುತ್ತಾನೆ. ದೋಸದಿಂದ, ಅಂದರೆ ದ್ವೇಷದಿಂದ ತಪ್ಪುತ್ತಾನೆ. ಭಯದಿಂದ ತಪ್ಪುತ್ತಾನೆ. ಮೋಹದಿಂದ, ಅಂದರೆ ತಿಳಿಗೇಡಿತನದಿಂದ ತಪ್ಪುತ್ತಾನೆ. ಇಂದು ಮೊದಲ ಎರಡನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಉಳಿದ ಎರಡಕ್ಕೆ ಇನ್ನೊಬ್ಬರು ಸಿಕ್ಕಾರು.

ಆ ಹಾಳೆ ಸಿಕ್ಕಿದ್ದು ಹೀಗೆ. ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದಾಗ ಅಳಿಯ ಒಂದು ಭಾನುವಾರ ನನ್ನನ್ನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಸಿಟಿ ಫೀಲ್ಡ್ ಎಂಬ ಮೈದಾನಕ್ಕೆ ಕರೆದುಕೊಂಡು ಹೋದ. ಒಳಗೆ ಕಾಲಿಡುವ ದುಂಡು ಮಂಟಪಕ್ಕೆ ಜಾಕಿ ರಾಬಿನ್ಸನ್ ಹೆಸರು. ನಡುವೆ ಆಳೆತ್ತರಕ್ಕಿಂತ ದೊಡ್ಡದಾದ ನೀಲಿ ಬಣ್ಣದ 42 ಎಂಬ ಅಂಕಿ ನಿಂತಿದೆ. ನೀಲಿ ಬಣ್ಣ ಕಂಡರೆ ನಮಗೆ ಕಾಲು ತಾನೇ ನಿಲ್ಲುತ್ತದಲ್ಲ, ನಾನೂ ನಿಂತೆ. ಆಟ ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಕಪ್ಪು ಜನಾಂಗದ ಹಿರಿಯರೊಬ್ಬರು ಮಾತ್ರ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಪ್ರತಿ ಎಸೆತಕ್ಕೂ ಪೆನ್ಸಿಲಿನಲ್ಲಿ ಏನೋ ಬರೆಯುತ್ತಿದ್ದರು. ನಾನೂ ಒಂದು ಕಾಲದ ಸ್ಕೋರರ್. ಕೈ ಸುಮ್ಮನಿರಲಿಲ್ಲ, ಕೇಳಿಯೇಬಿಟ್ಟೆ.

ಅವರು ಸಂತೋಷದಿಂದ ಹೇಳಿಕೊಟ್ಟರು. ಹಾಳೆಯಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಂದು ಅಡ್ಡಸಾಲು, ಒಂದೊಂದು ಇನ್ನಿಂಗ್ಸಿಗೆ ಒಂದು ಕಂಬಸಾಲು. ಮೈದಾನದಲ್ಲಿ ನಿಂತ ಒಂಬತ್ತು ಜನಕ್ಕೆ ಒಂಬತ್ತು ಅಂಕಿ. ಎಸೆಯುವವನು 1, ಅವನೆದುರು ಹಿಡಿಯುವವನು 2, ಮೊದಲ ಬೇಸಿನವನು 3, ಎರಡನೆಯ ಬೇಸಿನವನು 4, ಮೂರನೆಯ ಬೇಸಿನವನು 5, ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹಿಂದೆ ದೂರದಲ್ಲಿ ಎಡ, ನಡು, ಬಲಕ್ಕೆ 7, 8, 9. ಮನೆಯೊಳಗೆ 5-3 ಎಂದು ಬರೆದರೆ, ಮೂರನೆಯ ಬೇಸಿನವನು ಚೆಂಡು ಹೆಕ್ಕಿ ಮೊದಲ ಬೇಸಿನವನಿಗೆ ಎಸೆದ, ಬ್ಯಾಟರ್ ಔಟ್ ಎಂದರ್ಥ. ಎದುರಾಳಿ ತಪ್ಪೆಸಗಿದ್ದರಿಂದ ಬ್ಯಾಟರ್ ಉಳಿದುಕೊಂಡರೆ ಇ ಎಂಬ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ತಪ್ಪು ಮಾಡಿದವನ ಅಂಕಿ. ಯಾರು ಏನು ಮಾಡಿದರು ಎಂಬುದಷ್ಟೇ ಅಲ್ಲಿ ಸೇರುತ್ತದೆ.

ನಾನು ಎಲ್ಲಿಯವನು, ನೀಲಿ 42ರ ಮುಂದೆ ಯಾಕೆ ಅಷ್ಟು ಹೊತ್ತು ನಿಂತಿದ್ದೆ ಎಂದು ಅವರು ವಿಚಾರಿಸಿದರು. ನಾನು ಬಾಬಾಸಾಹೇಬರ ವಿಷಯ ಹೇಳಿದೆ. 1913ರಲ್ಲಿ ಇದೇ ನ್ಯೂಯಾರ್ಕಿಗೆ ಓದಲು ಬಂದು ಮೂರು ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು, 1946ರಲ್ಲಿ ನಿಮ್ಮ ಡಬ್ಲ್ಯೂ. ಇ. ಬಿ. ಡುಬೊಯಿಸ್ ಅವರಿಗೆ ಪತ್ರ ಬರೆದು ನಿಮ್ಮವರ ಸ್ಥಿತಿಗೂ ನಮ್ಮವರ ಸ್ಥಿತಿಗೂ ಇರುವ ಹೋಲಿಕೆಯನ್ನು ತಾವು ಅಧ್ಯಯನ ಮಾಡುತ್ತಿರುವುದಾಗಿ ತಿಳಿಸಿದ್ದರು, ಅವರೂ ಉತ್ತರ ಕೊಟ್ಟಿದ್ದರು ಎಂದೆ. ಡುಬೊಯಿಸ್ ಹೆಸರು ಕೇಳಿ ಅವರು ಪೆನ್ಸಿಲ್ ಕೆಳಗಿಟ್ಟರು. ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಹಳದಿ ಬಿದ್ದ ಹಾಳೆ. ಅವರ ತಂದೆಯ ಕೈಬರಹ. 1947ರ ಏಪ್ರಿಲ್ 15, ಮಂಗಳವಾರ, ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್. ಆ ಫೋಟೊದ ಪ್ರತಿಯನ್ನು ನನಗೆ ಕಳಿಸಿಕೊಟ್ಟರು.

ಅರವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಮನುಷ್ಯ ಬೇಸ್‌ಬಾಲ್ ಆಡುವ ಹಾಗಿರಲಿಲ್ಲ. ಗಮನಿಸಿ, ಹಾಗೆಂದು ಎಲ್ಲೂ ನಿಯಮ ಬರೆದಿರಲಿಲ್ಲ. ತಂಡದ ಮಾಲೀಕರ ನಡುವೆ ಒಂದು ಒಳಒಪ್ಪಂದ, ಅಷ್ಟೇ. ನಮ್ಮ ಊರಿನ ಹೋಟೆಲಿನ ಎರಡು ಲೋಟದ ಕಾನೂನು ಯಾವ ಪುಸ್ತಕದಲ್ಲಿತ್ತು ಹೇಳಿ? ಆ ದಿನ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ರಾಬಿನ್ಸನ್ ಮೊದಲ ಬೇಸಿನಲ್ಲಿ ನಿಂತು ಆ ಒಪ್ಪಂದ ಮುರಿಯಿತು. ಎದುರು ಬೋಸ್ಟನ್ ಬ್ರೇವ್ಸ್. ಮೈದಾನದಲ್ಲಿದ್ದವರು ಸುಮಾರು 26 ಸಾವಿರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ ಎಂದು ಅಂದಾಜು. ಹಡಗುಕಟ್ಟೆಯ ಕೂಲಿಯಾಗಿದ್ದ ಆ ತಂದೆ ಅರ್ಧ ದಿನದ ಸಂಬಳ ಬಿಟ್ಟು ಹೋಗಿದ್ದರಂತೆ.

ಈಗ ಹಾಳೆಯನ್ನು ಓದೋಣ. ರಾಬಿನ್ಸನ್ನನದು ಎರಡನೆಯ ಸಾಲು. ಮೊದಲ ಇನ್ನಿಂಗ್ಸ್: 5-3. ಔಟ್. ಮೂರನೆಯ ಇನ್ನಿಂಗ್ಸ್: ಎಡಗಡೆ ದೂರ ನಿಂತವನ ಕೈಗೆ ಕ್ಯಾಚ್, 7. ಔಟ್. ಐದನೆಯದು: 6-4-3. ಇದು ಇನ್ನೂ ಕೆಟ್ಟದ್ದು, ಒಂದೇ ಹೊಡೆತಕ್ಕೆ ತಾನೂ ಔಟ್, ಮುಂದೆ ಬೇಸಿನಲ್ಲಿದ್ದ ಜೊತೆಗಾರನೂ ಔಟ್. ಆ ತಂದೆಯ ಜಾಗದಲ್ಲಿ ಕೂತು ನೋಡಿ. ಇಡೀ ಜನಾಂಗ ಕಾಯ್ದ ದಿನ. ಅಕ್ಕಪಕ್ಕದವರು ಒಳ್ಳೆಯ ಬಟ್ಟೆ ಹಾಕಿಕೊಂಡು ಮಕ್ಕಳನ್ನು ಕರೆತಂದಿದ್ದಾರೆ. ಅವನು ಮೂರು ಸಲ ಬಂದ, ಮೂರು ಸಲವೂ ಬರಿಗೈ. ಮೂರು ಮನೆಗಳಲ್ಲೂ ಅಕ್ಷರ ದುಂಡಗೆ, ನೀಟಾಗಿ ಇವೆ. ಕೈ ನಡುಗಿದ ಗುರುತು ಇಲ್ಲ.

ಏಳನೆಯ ಇನ್ನಿಂಗ್ಸ್. ಬೋಸ್ಟನ್ 3, ಬ್ರೂಕ್ಲಿನ್ 2. ರಾಬಿನ್ಸನ್ನನ ಮೇಲಿನ ಸಾಲಿನವನು ಎಡ್ಡಿ ಸ್ಟ್ಯಾಂಕಿ, ಆಗಲೇ ಬೇಸ್ ಸೇರಿದ್ದ. ರಾಬಿನ್ಸನ್ ಬಂಟ್ ಮಾಡಿದ, ಅಂದರೆ ಬ್ಯಾಟು ಬೀಸದೆ ಚೆಂಡಿಗೆ ಮುಟ್ಟಿಸಿ ಹತ್ತಿರದಲ್ಲೇ ಉರುಳಿಸಿ ಓಡಿದ. ಬೋಸ್ಟನ್ನಿನ ಮೊದಲ ಬೇಸಿನವನು ಟೋರ್ಗೆಸನ್ ಚೆಂಡು ಹೆಕ್ಕಿ ಎಸೆದದ್ದು ರಾಬಿನ್ಸನ್ನನ ಭುಜಕ್ಕೆ ಬಡಿದು ಬಲಗಡೆಗೆ ಹಾರಿತು. ಸ್ಟ್ಯಾಂಕಿ ಮೂರನೆಯ ಬೇಸಿಗೆ, ರಾಬಿನ್ಸನ್ ಎರಡನೆಯದಕ್ಕೆ. ಮುಂದೆ ಬಂದ ಪೀಟ್ ರೈಸರ್ ಬಾರಿಸಿದ ಹೊಡೆತಕ್ಕೆ ಇಬ್ಬರೂ ಮನೆ ಸೇರಿದರು. ರಾಬಿನ್ಸನ್ ಓಡಿದ್ದೇ ಮುನ್ನಡೆಯ ರನ್. ಕೊನೆಗೆ ಬ್ರೂಕ್ಲಿನ್ 5, ಬೋಸ್ಟನ್ 3.

ಆ ಮನೆಯಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿಯುವಷ್ಟಾಗಿದೆ. ಫೋಟೊದಲ್ಲೂ ಕಾಣುತ್ತದೆ. ಆದರೆ ಬರೆದಿರುವುದು ಏನು? ಇ, ಪಕ್ಕದಲ್ಲಿ 3. ಎದುರಾಳಿಯ ತಪ್ಪು. ಹಿಟ್ ಅಲ್ಲ. ಸಾಲಿನ ಕೊನೆಗೆ ಒಟ್ಟು: ಹಿಟ್ 0, ರನ್ 1.

ಮಗ ದೊಡ್ಡವನಾದ ಮೇಲೆ ಕೇಳಿದ್ದನಂತೆ. ಅಪ್ಪ, ಅದು ನಿನ್ನ ಸ್ವಂತ ಹಾಳೆ, ಯಾರೂ ಪರೀಕ್ಷೆ ಮಾಡುವುದಿಲ್ಲ, ಅದನ್ನೊಂದು ಹಿಟ್ ಎಂದು ಬರೆದಿದ್ದರೆ ಏನಾಗುತ್ತಿತ್ತು? ಅವನಿಗೆ ನನ್ನ ದಾನ ಬೇಕಿರಲಿಲ್ಲ, ಎರಡೇ ದಿನದಲ್ಲಿ ತಾನೇ ಹೊಡೆದ ಅಂದರಂತೆ. ನಿಜ, ಏಪ್ರಿಲ್ 17ರಂದು ಬಂಟ್ ಮಾಡಿಯೇ ಮೊದಲ ಹಿಟ್ ಪಡೆದ. ಆ ವರ್ಷ 29 ಬೇಸ್ ಕದ್ದು ಲೀಗಿನಲ್ಲೇ ಮೊದಲಿಗನಾದ, ವರ್ಷದ ಉತ್ತಮ ಹೊಸ ಆಟಗಾರ ಎನಿಸಿಕೊಂಡ. ಛಂದದ ಅಗತಿ ಎಂದರೆ ಏನು ಎಂದು ನನಗೆ ಹೊಳೆದದ್ದು ಆಗ. ನನ್ನವನು ಎಂದು ಒಂದು ಅಂಕಿ ಹೆಚ್ಚು ಬರೆದರೆ ಅವನು ದುಡಿದ ಮುಂದಿನ ಅಂಕಿಗಳೂ ದಾನದ ಹಾಗೆ ಕಾಣತೊಡಗುತ್ತವೆ.

ಇನ್ನೊಂದು ಸಾಲು ನೋಡಿ, ನಾಲ್ಕನೆಯದು. ಡಿಕ್ಸಿ ವಾಕರ್. ರಾಬಿನ್ಸನ್ ಬರುವುದು ಗೊತ್ತಾದಾಗ ತನ್ನನ್ನು ಬೇರೆ ತಂಡಕ್ಕೆ ಕಳಿಸಿಬಿಡಿ ಎಂದು ಪತ್ರ ಬರೆದವನು. ಆ ತಂದೆ ವಾಕರ್‌ನ ಸಾಲನ್ನೂ ಅಷ್ಟೇ ನಿಷ್ಠೆಯಿಂದ ತುಂಬಿದ್ದಾರೆ. ಅವನ ಒಂದು ಗುರುತೂ ಬಿಟ್ಟಿಲ್ಲ. ಅಕ್ಷರ ಸಣ್ಣದೂ ಆಗಿಲ್ಲ.

ನಾನು ಆ ನಾಲ್ಕನೆಯ ಸಾಲನ್ನು ನೋಡುತ್ತಾ ಕೂತುಬಿಟ್ಟೆ. ಇಲ್ಲಿಂದ ಮುಂದೆ ನನ್ನದೇ ಕಥೆ ಹೇಳಬೇಕಾಗುತ್ತದೆ. ಈ ಗುಂಪಿನಲ್ಲಿ ಇದನ್ನು ಹಿಂದೆ ಯಾರಿಗೂ ಹೇಳಿಲ್ಲ.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಕ್ರಿಕೆಟ್ ಶುರುವಾಯಿತು. ಮೇಷ್ಟ್ರು, ‘ನೀನು ಲೆಕ್ಕದಲ್ಲಿ ಚುರುಕು ಕಣೋ, ಸ್ಕೋರ್ ಬರಿ’ ಅಂದರು. ನನಗೆ ಹೆಮ್ಮೆ. ಎರಡು ವರ್ಷ ಹೊಂಗೆಮರದ ಕೆಳಗೆ ಕೂತು ಬರೆದೆ. ನಾನು ಬ್ಯಾಟು ಮುಟ್ಟದೆ ಇರಲಿ, ಆಟದ ನಡುವೆ ಎಲ್ಲರೂ ಕುಡಿಯುವ ಮಡಕೆಯ ಹತ್ತಿರ ಬರದೆ ಇರಲಿ ಎಂದೇ ಆ ಜಾಗ ಎಂದು ತಿಳಿದದ್ದು ಎಷ್ಟೋ ತಡವಾಗಿ. ಆಟ ಮುಗಿದ ಮೇಲೆ ನಾನು ಪುಸ್ತಕವನ್ನು ಕಲ್ಲಿನ ಮೇಲೆ ಇಡಬೇಕು. ಮೇಷ್ಟ್ರು ಕಲ್ಲಿನಿಂದ ಎತ್ತಿಕೊಳ್ಳುತ್ತಿದ್ದರು. ಧಾರವಾಡದಲ್ಲಿ ಹುಟ್ಟಿದ ನಮ್ಮ ಪಾಲ್ವಂಕರ್ ಬಾಲೂ, ಪುಣೆಯಲ್ಲಿ ಹಿಂದೂ ತಂಡಕ್ಕೆ ವಿಕೆಟ್ ತೆಗೆದುಕೊಟ್ಟು, ಚಹಾ ಮಾತ್ರ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿದವರು. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದು ಬಂದ ಮೇಲೂ ಅವರಿಗೆ ಹಿಂದೂ ತಂಡದ ನಾಯಕತ್ವ ಸಿಗಲಿಲ್ಲ. ಅದನ್ನೆಲ್ಲ ಆಗ ನನಗೆ ಹೇಳುವವರು ಯಾರಿದ್ದರು?

ದೊಡ್ಡಮನೆಯ ಒಬ್ಬ ಹುಡುಗನಿದ್ದ. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ, ಜಾತಿ ಹಿಡಿದೇ ಕರೆಯುತ್ತಿದ್ದ. ಹೆಡ್‌ಮೇಷ್ಟ್ರು ಯಾರು ಐವತ್ತು ರನ್ ಹೊಡೆಯುತ್ತಾರೋ ಅವರಿಗೆ ಒಂದು ಇಂಕ್ ಪೆನ್ನು ಎಂದಿದ್ದರು. ಆ ದಿನ ಅವನು ಹೊಡೆದದ್ದು ಐವತ್ತು. ನಾನು ಬರೆದದ್ದು ನಲವತ್ತೊಂಬತ್ತು. ಒಂದು ಸಿಂಗಲ್ ಇದ್ದ ಜಾಗದಲ್ಲಿ ಚುಕ್ಕೆ ಇಟ್ಟೆ, ಅಷ್ಟೇ. ಅವನು ಜಗಳ ತೆಗೆದ. ಮೇಷ್ಟ್ರು ಪುಸ್ತಕ ನೋಡಿ, ‘ಇವನ ಲೆಕ್ಕ ತಪ್ಪೋದಿಲ್ಲ ಕಣೋ, ಸುಮ್ನಿರು’ ಅಂದರು. ಆ ಶಾಲೆಯಲ್ಲಿ ನನ್ನ ಯಾವುದಾದರೂ ಒಂದು ಮಾತಿಗೆ ದೊಡ್ಡಮನೆಯ ಹುಡುಗನ ಮಾತಿಗಿಂತ ಹೆಚ್ಚು ಬೆಲೆ ಇದ್ದಿದ್ದರೆ ಅದು ಆ ಲೆಕ್ಕದ ಪುಸ್ತಕದಲ್ಲಿ ಮಾತ್ರ. ಇದ್ದ ಆ ಒಂದನ್ನೇ ನಾನು ಸುಳ್ಳಿಗೆ ಹಾಕಿದೆ. ರಾತ್ರಿ ಖುಷಿಯಿಂದ ನಿದ್ದೆ ಬರಲಿಲ್ಲ. ಒಂದು ವಾರದ ಮೇಲೆ ಬೇರೆ ಕಾರಣಕ್ಕೆ ನಿದ್ದೆ ಬರಲಿಲ್ಲ.

ಇದನ್ನು ನಮ್ಮ ಬಳಗದ ಒಬ್ಬ ಕಿರಿಯರಿಗೆ ಮೊನ್ನೆ ಮೊದಲ ಸಲ ಹೇಳಿದಾಗ ಅವರು ಸಿಟ್ಟಾದರು. ‘ಅಣ್ಣಾ, ಅವರು ಸಾವಿರ ವರ್ಷ ನಮ್ಮ ಲೆಕ್ಕ ತಿಂದವರು. ನೀವು ಒಂದು ರನ್ನಿಗೆ ತಲೆ ತಗ್ಗಿಸ್ತೀರಾ?’ ಅಂದರು. ಪ್ರಶ್ನೆ ಸರಿಯಾದದ್ದೇ. ಆ ಒಂದು ರನ್ನನ್ನೂ ಆ ಮಡಕೆಯನ್ನೂ ತಕ್ಕಡಿಯ ಎರಡು ತಟ್ಟೆಗೆ ಹಾಕಿ ಸಮ ಎನ್ನುವವನು ನಾನಲ್ಲ. ಅವೆರಡು ಸಮವಲ್ಲ, ಎಂದಿಗೂ ಅಲ್ಲ. ನಾನು ಹೇಳುವುದು ಬೇರೆ. ಮಡಕೆ ಅವರ ಲೆಕ್ಕ. ಚುಕ್ಕೆ ನನ್ನದು. ಬಾಬಾಸಾಹೇಬರು ಬುದ್ಧ ಮತ್ತು ಅವರ ಧಮ್ಮದಲ್ಲಿ ದೇವರು ಇರುವ ಜಾಗದಲ್ಲಿ ನೀತಿಯನ್ನು ಕೂರಿಸಿದರು. ಕ್ಷಮಿಸುವುದಕ್ಕೆ ಮೇಲೆ ಯಾರೂ ಇಲ್ಲ, ತಿದ್ದಬೇಕಾದವನು ನಾನೇ. ಹರಕೆ ಹೊತ್ತು ಕಳೆದುಕೊಳ್ಳುವ ಸೌಕರ್ಯವನ್ನು ನಾವು ದೀಕ್ಷೆಯ ದಿನವೇ ಬಿಟ್ಟು ಬಂದೆವಲ್ಲ. ಮುಸಾವಾದದಿಂದ ದೂರವಿರುತ್ತೇನೆ ಎಂದು ವಾರವಾರ ಹೇಳುತ್ತೇನೆ. ಹೇಳುವಾಗೆಲ್ಲ ಆ ಚುಕ್ಕೆ ಎದುರು ಬರುತ್ತದೆ.

ಸುಮ್ಮನೆ ತಡೆದುಕೊಳ್ಳಿ ಎನ್ನುತ್ತಿದ್ದೇನೆ ಎಂದೂ ಯಾರೂ ತಿಳಿಯಬಾರದು. ರಾಬಿನ್ಸನ್ ಅಂಥವನಲ್ಲ. 1944ರಲ್ಲಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದಾಗ ಬಸ್ಸಿನಲ್ಲಿ ಹಿಂದಕ್ಕೆ ಹೋಗಿ ಕೂರು ಎಂದರೆ ಒಲ್ಲೆ ಎಂದು ಸೈನಿಕ ನ್ಯಾಯಾಲಯದವರೆಗೆ ಹೋಗಿ ನಿರ್ದೋಷಿಯಾಗಿ ಬಂದವನು. ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ 1945ರ ಆಗಸ್ಟಿನಲ್ಲಿ ಅವನನ್ನು ಕರೆಸಿ, ಯಾರೇನೇ ಅಂದರೂ ತಿರುಗಿ ಕೈ ಎತ್ತಬಾರದು ಎಂಬ ಮಾತು ತೆಗೆದುಕೊಂಡಿದ್ದ. ಮೊದಲ ಆಟದ ಒಂದು ವಾರಕ್ಕೇ ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಬೆನ್ ಚಾಪ್‌ಮನ್ ತನ್ನ ಆಟಗಾರರನ್ನು ಕಟ್ಟಿಕೊಂಡು ಅವನ ಮೇಲೆ ಹೊಲಸು ಬೈಗುಳ ಸುರಿದ. ಆಗ ಎದ್ದು ನಿಂತು ಅವರನ್ನು ಹೇಡಿಗಳೆಂದು ಬೈದವನು ಸ್ಟ್ಯಾಂಕಿ, ಹಾಳೆಯಲ್ಲಿ ರಾಬಿನ್ಸನ್ನನ ಮೇಲಿನ ಸಾಲಿನವನು. ಮುಂದೆ ಮಾತಿನ ಅವಧಿ ಮುಗಿದ ಮೇಲೆ ರಾಬಿನ್ಸನ್ ಬಾಯಿ ಬಿಟ್ಟ, ಜೋರಾಗಿಯೇ ಬಿಟ್ಟ. ಖಂತಿ ಬೇರೆ, ನುಂಗಿಕೊಳ್ಳುವುದು ಬೇರೆ.

ಲೆಕ್ಕದ ಹಾಳೆ ಯಾಕೆ ಇಷ್ಟು ಮುಖ್ಯ ಎನ್ನುವವರಿಗೆ ಇನ್ನೊಂದು ಸಂಗತಿ ಹೇಳುತ್ತೇನೆ. ರಾಬಿನ್ಸನ್ನನಿಗಿಂತ ಮೊದಲು ಕಪ್ಪು ಆಟಗಾರರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡುತ್ತಿದ್ದರು. ಅವರಲ್ಲಿ ಜಾಷ್ ಗಿಬ್ಸನ್ ಎಂಬ ಮಹಾ ಹೊಡೆತಗಾರ. ರಾಬಿನ್ಸನ್ ಮೈದಾನಕ್ಕಿಳಿಯಲು ಮೂರು ತಿಂಗಳೂ ಇಲ್ಲ ಎನ್ನುವಾಗ, 1947ರ ಜನವರಿಯಲ್ಲಿ, 35 ವರ್ಷಕ್ಕೇ ತೀರಿಕೊಂಡ. ಅವನ ಹೊಡೆತಗಳು ದೊಡ್ಡ ಲೀಗಿನ ಲೆಕ್ಕಕ್ಕೆ ಸೇರಿರಲಿಲ್ಲ. ಹಳೆಯ ಕಪ್ಪು ಪತ್ರಿಕೆಗಳು, ಯಾರೋ ಎಲ್ಲೋ ಉಳಿಸಿಟ್ಟ ಸ್ಕೋರ್ ಪುಸ್ತಕಗಳನ್ನು ಸಂಶೋಧಕರು ವರ್ಷಗಟ್ಟಲೆ ಹುಡುಕಿದರು. 2020ರ ಡಿಸೆಂಬರಿನಲ್ಲಿ 1920ರಿಂದ 1948ರವರೆಗಿನ ಆ ಲೀಗ್‌ಗಳಿಗೆ ದೊಡ್ಡ ಲೀಗಿನ ಸ್ಥಾನ ಕೊಟ್ಟರು. 2024ರ ಮೇ ತಿಂಗಳಲ್ಲಿ ಅಂಕಿಗಳನ್ನು ಒಂದೇ ಪುಸ್ತಕಕ್ಕೆ ಸೇರಿಸಿದರು. ಗಿಬ್ಸನ್ನನ ಸರಾಸರಿ .372, ಇಡೀ ಚರಿತ್ರೆಯಲ್ಲೇ ಎಲ್ಲರಿಗಿಂತ ಮೇಲೆ ಬಂತು. ಆಗಿನ ಆಟಗಳ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಭಾಗ ಸಿಕ್ಕಿದೆ ಎಂದು ಅಂದಾಜು. ಉಳಿದ ಕಾಲು ಭಾಗದಲ್ಲಿ ಯಾರು ಏನು ಹೊಡೆದರೋ. ಸತ್ತು 77 ವರ್ಷಕ್ಕೆ ಅವನಿಗೆ ನ್ಯಾಯ ಸಿಕ್ಕಿದ್ದು, ಅಂದು ಯಾರೋ ನಿಜ ಬರೆದಿದ್ದರು ಎಂಬುದರಿಂದ. ಪ್ರೀತಿಯಿಂದ ನಾಲ್ಕು ಹೆಚ್ಚು ಬರೆದಿದ್ದರೆ ಇಂದು ಆ ಪುಸ್ತಕಗಳನ್ನು ಯಾರೂ ನಂಬುತ್ತಿರಲಿಲ್ಲ. ನಮ್ಮ ಹೊಲದ ಪಹಣಿ, ನಮ್ಮ ಮೇಲಿನ ದೌರ್ಜನ್ಯದ ದೂರು, ನಮ್ಮ ಅಜ್ಜಂದಿರ ಹೆಸರು, ಇವೂ ಅಂಥ ಹಾಳೆಗಳೇ. ನಮಗೆ ಸಿಕ್ಕ ಆಯುಧವೇ ಅದು, 1947ರ ಏಪ್ರಿಲ್ 29ರಂದು ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದು ಎಂಬ ವಿಧಿಯನ್ನು ಒಪ್ಪಿದ್ದೂ ಒಂದು ಹಾಳೆಯ ಮೇಲೆಯೇ. ಆ ಆಟವಾಗಿ ಎರಡು ವಾರಕ್ಕೆ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ದೊಡ್ಡಮನೆಯ ಆ ಹುಡುಗ ಈಗ ನನ್ನ ಹಾಗೇ ಮುದುಕ, ಮಂಡಿನೋವು. ಜಗಲಿಯ ಮೇಲೆ ಕೂತಿದ್ದ. ಎದುರು ನಿಂತು ಹೇಳಿದೆ. ‘ಅವತ್ತು ನೀವು ಹೊಡೆದದ್ದು ಐವತ್ತೇ. ನಾನು ಬೇಕಂತಲೇ ಒಂದು ಕಡಿಮೆ ಬರೆದೆ.’

ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. ‘ನಾನು ಹೇಳ್ತಿರಲಿಲ್ವೇನೇ, ಐವತ್ತು ಅಂತ!’ ಐವತ್ತು ವರ್ಷ ಕಳೆದರೂ ಆ ಒಂದು ರನ್ ಅವನಿಗೆ ನೆನಪಿತ್ತು. ನಾನು ಕೇಳಿದೆ, ‘ನೀರಿನ ಮಡಕೆ ನೆನಪಿದೆಯಾ? ಹೊಂಗೆಮರದ ಆಚೆ ಇಡ್ತಿದ್ರಲ್ಲ.’ ಯಾವ ಮಡಕೆ ಅಂದ. ನಾನು ವಿವರವಾಗಿ ಹೇಳಿದೆ, ಎಲ್ಲಿ ಇರುತ್ತಿತ್ತು, ಯಾರು ತುಂಬುತ್ತಿದ್ದರು, ನಾನು ಎಲ್ಲಿ ಕೂರುತ್ತಿದ್ದೆ, ಪುಸ್ತಕ ಎಲ್ಲಿ ಇಡುತ್ತಿದ್ದೆ. ಅವನು ಕೇಳಿಸಿಕೊಂಡ. ಏನೂ ಹೇಳಲಿಲ್ಲ. ನಾನು ಬಸ್ಸಿಗೆ ಹೊತ್ತಾಯಿತು ಎಂದು ಬಂದೆ. ಬರುವಾಗ ನನ್ನ ಹೆಸರು ಹಿಡಿದು, ನಿಧಾನ ಹೋಗಪ್ಪ ಅಂದ.

ಇಂದು ಸಂಜೆ ಆರೂವರೆಗೆ ವಿಹಾರದಲ್ಲಿ ತ್ರಿಸರಣ ಪಂಚಶೀಲ ಮುಗಿದ ಮೇಲೆ ಆ ಹಾಳೆಯ ದೊಡ್ಡ ಪ್ರತಿಯನ್ನು ಗೋಡೆಗೆ ಹಚ್ಚುತ್ತೇನೆ. ಮಕ್ಕಳಿಗೆ ಖಾಲಿ ಹಾಳೆ ಕೊಟ್ಟು ಆ ಏಳನೆಯ ಇನ್ನಿಂಗ್ಸನ್ನು ಬರೆಸಬೇಕೆಂದಿದ್ದೇನೆ. ಪೆನ್ಸಿಲ್ ತರಲಿ. ರಬ್ಬರೂ ಇರಲಿ, ಮೊದಲ ಸಲ ಎಲ್ಲರಿಗೂ ತಪ್ಪುತ್ತದೆ.

ಸಬ್ಬ ಮಂಗಲ. ಸಾಧು, ಸಾಧು, ಸಾಧು. ಜೈಭೀಮ್ 🙏